ರಕ್ತ ತೆಗೆಯುವ ಮೊದಲು ಇನ್ನೊಂದು ಪ್ರಶ್ನೆ ಕೇಳಿ

ಸಂಪಾದಕರಿಗೆ ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ವಯಸ್ಸಾದವರ ಚರ್ಮದ ಬಗ್ಗೆ ಆಗಾಗ ಬರೆಯುತ್ತೀರಿ. ಅದೇ ಪುಟದ ಕೆಳಗೆ ಚರ್ಮ, ಕೂದಲು, ಉಗುರು ಮೂರಕ್ಕೂ ಒಂದೇ ಗುಳಿಗೆ ಅನ್ನುವ ಜಾಹೀರಾತೂ ಇರುತ್ತದೆ. ಅಂಥ ಗುಳಿಗೆ ನುಂಗಿ ನಾನು ಪಟ್ಟ ಪಾಡು ಬೇರೆಯವರಿಗೆ ಬೇಡ ಅಂತ ಈ ಪತ್ರ.

ನನಗೆ 67. ಹೋದ ವರ್ಷ ಮನೆಯಲ್ಲಿ ಒಂದು ಮದುವೆ ಆಯಿತು. ಫೋಟೋ ಬಂದಾಗ ನನ್ನ ಕುತ್ತಿಗೆ ನೋಡಿ ನನಗೇ ಬೇಜಾರಾಯಿತು. ಅಕ್ಕನ ಮಗಳು, ‘ಚಿಕ್ಕಮ್ಮ, ಸುಮ್ನೆ ದಿನಾ ಒಂದು ತಗೊಳ್ಳಿ, ಇದು ಔಷಧಿ ಅಲ್ಲ, ಬರೀ ವಿಟಮಿನ್’ ಅಂತ ಒಂದು ಬಾಟಲಿ ಕೊಟ್ಟಳು. ಬಯೋಟಿನ್, 10,000 ಮೈಕ್ರೋಗ್ರಾಂ. ಹತ್ತು ಸಾವಿರ ಅಂದ ಮೇಲೆ ಒಳ್ಳೆಯದೇ ಇರಬೇಕು ಅಂದುಕೊಂಡೆ. ನಮ್ಮ ಮೈಗೆ ದಿನಕ್ಕೆ ಬೇಕಾಗಿರುವುದು 30-40 ಮೈಕ್ರೋಗ್ರಾಂ ಮಾತ್ರ ಅಂತ ಆಮೇಲೆ ಗೊತ್ತಾಯಿತು. ಲೆಕ್ಕ ಹಾಕಿದೆ. ಕಡಿಮೆ ಅಂದರೂ ಎಂಟು ತಿಂಗಳಿಗೆ ಆಗುವಷ್ಟನ್ನು ನಾನು ಒಂದೇ ಬೆಳಿಗ್ಗೆ ಕಾಫಿ ಜೊತೆ ನುಂಗುತ್ತಿದ್ದೆ.

ನಾನು ಬಹಳ ವರ್ಷದಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವಳು. ಮಾಮೂಲಿ ಪರೀಕ್ಷೆಗೆ ರಕ್ತ ಕೊಟ್ಟೆ. ಟಿಎಸ್‌ಎಚ್ ತೀರಾ ಕಡಿಮೆ, ಟಿ4 ಜಾಸ್ತಿ ಅಂತ ಬಂತು. ಟಿ4 ಅನ್ನುವುದು ಥೈರಾಯ್ಡ್ ಹಾರ್ಮೋನು, ಅದು ಜಾಸ್ತಿಯಾದರೆ ಟಿಎಸ್‌ಎಚ್ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಅಂದರೆ ಮಾತ್ರೆಯ ಡೋಸ್ ಹೆಚ್ಚಾಗಿದೆ ಅಂತ ಅರ್ಥ. ಡಾಕ್ಟರು 75 ಮೈಕ್ರೋಗ್ರಾಂ ಇದ್ದಿದ್ದನ್ನು 50ಕ್ಕೆ ಇಳಿಸಿದರು. ಅವರ ತಪ್ಪೇನೂ ಇಲ್ಲ, ಕಾಗದದಲ್ಲಿ ಹಾಗೇ ಇತ್ತು.

ಎರಡು ತಿಂಗಳು ಕಳೆಯುವಷ್ಟರಲ್ಲಿ ಸುಸ್ತು, ಮಲಬದ್ಧತೆ, ಮಧ್ಯಾಹ್ನ ಮೂರು ಗಂಟೆಗೆ ಕೂತಲ್ಲೇ ತೂಕಡಿಕೆ. ಕಾಲಿನ ಚರ್ಮ ಹೊಟ್ಟು ಹೊಟ್ಟಾಗಿ ಉದುರುತ್ತಿತ್ತು, ಕರಿ ಸೀರೆ ಉಟ್ಟರೆ ಹಿಟ್ಟು ಚೆಲ್ಲಿಕೊಂಡ ಹಾಗೆ ಕಾಣುತ್ತಿತ್ತು. ಥೈರಾಯ್ಡ್ ಕಡಿಮೆಯಾದರೆ ಚರ್ಮ ಒಣಗುತ್ತದೆ ಅನ್ನುವುದು ನನಗೆ ಆವಾಗ ಹೊಳೆಯಲೇ ಇಲ್ಲ. ನಾನೇನು ಮಾಡಿದೆ ಗೊತ್ತಾ? ಚರ್ಮ ಹಾಳಾಗುತ್ತಿದೆ ಅಂತ ಗುಳಿಗೆ ದಿನಕ್ಕೆ ಎರಡು ಮಾಡಿದೆ!

ಮತ್ತೆ ಪರೀಕ್ಷೆ ಮಾಡಿಸಿದಾಗಲೂ ಥೈರಾಯ್ಡ್ ಜಾಸ್ತಿ ಅಂತಲೇ ಬಂತು. ಡಾಕ್ಟರು ನನ್ನ ಮುಖ ನೋಡಿದರು, ಕಾಗದ ನೋಡಿದರು. ‘ಏನಮ್ಮ, ನೀವು ಒಂದು ಹೇಳ್ತೀರಿ, ರಿಪೋರ್ಟ್ ಇನ್ನೊಂದು ಹೇಳುತ್ತೆ. ಬೇರೆ ಏನಾದ್ರೂ ಔಷಧಿ ತಗೋತೀರಾ?’ ಇಲ್ಲ ಅಂದೆ. ಸುಳ್ಳು ಹೇಳಬೇಕು ಅಂತಲ್ಲ. ಔಷಧಿ ಅಲ್ಲ ಅಂತ ಬಾಟಲಿ ಮೇಲೇ ಇರುವಾಗ ನಾನು ಔಷಧಿ ತಗೋತೀನಿ ಅಂತ ಯಾಕೆ ಹೇಳಲಿ? ಕೊನೆಗೆ ಅವರು, ‘ಮನೆಯಲ್ಲಿ ಬಾಯಿಗೆ ಹಾಕಿಕೊಳ್ಳುವುದೆಲ್ಲ ಒಂದು ಕವರಿಗೆ ಹಾಕಿ ತನ್ನಿ’ ಅಂದರು. ಚ್ಯವನಪ್ರಾಶ ಸಮೇತ ತೆಗೆದುಕೊಂಡು ಹೋದೆ. ಬಯೋಟಿನ್ ಬಾಟಲಿ ಕೈಗೆ ಸಿಕ್ಕಿದ್ದೇ ತಡ, ಅವರು ಹಣೆ ಚಚ್ಚಿಕೊಳ್ಳುವುದು ಒಂದು ಬಾಕಿ.

ವಿಷಯ ಇಷ್ಟೇ. ಥೈರಾಯ್ಡ್ ಪರೀಕ್ಷೆಯ ಎಷ್ಟೋ ಕಿಟ್‌ಗಳಲ್ಲಿ ಬಯೋಟಿನ್ನನ್ನೇ ಅಂಟಿನ ಹಾಗೆ ಬಳಸುತ್ತಾರೆ. ರಕ್ತದಲ್ಲಿ ನಾವು ನುಂಗಿದ ಬಯೋಟಿನ್ ತುಂಬಿಕೊಂಡಿದ್ದರೆ ಅದು ಹೋಗಿ ಆ ಅಂಟಿನ ಜಾಗದಲ್ಲಿ ಕೂರುತ್ತದೆ, ಲೆಕ್ಕ ತಪ್ಪುತ್ತದೆ. ಎಲ್ಲಾ ಮಷೀನಿನಲ್ಲೂ ಹೀಗಾಗುವುದಿಲ್ಲ. ಆದರೆ ನಮ್ಮ ರಕ್ತ ಯಾವ ಮಷೀನಿಗೆ ಹೋಗುತ್ತದೆ ಅಂತ ನಮಗೇನು ಗೊತ್ತು? ಪರೀಕ್ಷೆಗೆ ಕಡೇಪಕ್ಷ ಎರಡು ದಿನ ಮೊದಲಾದರೂ ಈ ಗುಳಿಗೆ ನಿಲ್ಲಿಸಬೇಕಂತೆ. ನನಗೆ ಒಂದು ವಾರ ನಿಲ್ಲಿಸಿ ಮತ್ತೆ ನೋಡಿದರು, ಟಿಎಸ್‌ಎಚ್ ಮೇಲಕ್ಕೆ ಹೋಗಿ ಕೂತಿತ್ತು, ಅಂದರೆ ಥೈರಾಯ್ಡ್ ನಿಜಕ್ಕೂ ಕಡಿಮೆಯಾಗಿತ್ತು. ಹಳೇ ಡೋಸ್‌ಗೆ ಬಂದೆ. ಚರ್ಮ ಸರಿಹೋಗಲು ಇನ್ನೂ ಎರಡು ತಿಂಗಳು ಹಿಡಿಯಿತು.

ಥೈರಾಯ್ಡ್ ಒಂದೇ ಆಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಹೃದಯಾಘಾತ ಆಗಿದೆಯಾ ಅಂತ ನೋಡಲು ಮಾಡುವ ಟ್ರೋಪೋನಿನ್ ಪರೀಕ್ಷೆಯೂ ಬಯೋಟಿನ್‌ನಿಂದ ತಪ್ಪಾಗಿ ಕಡಿಮೆ ತೋರಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ, ಹಾಗೆ ಒಬ್ಬರು ತೀರಿಕೊಂಡ ವರದಿಯನ್ನೂ ಅದರಲ್ಲಿ ಹೇಳಿದೆ. ಎದೆನೋವು ಅಂತ ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಗೆ ಓಡುವ ವಯಸ್ಸು ನಮ್ಮದು, ಅಲ್ವಾ?

ಕೊಲಾಜನ್ ಪುಡಿಯದ್ದು ಇನ್ನೊಂದು ಕಥೆ. ನಮ್ಮ ಬೀದಿಯಲ್ಲಿ ನನಗಿಂತ ಹಿರಿಯರೊಬ್ಬರಿದ್ದಾರೆ. ಚಾತುರ್ಮಾಸದಲ್ಲಿ ಈರುಳ್ಳಿಯನ್ನೂ ಮನೆಗೆ ತರುವುದಿಲ್ಲ. ಮಗ ಅಮೆರಿಕದಿಂದ ತಂದುಕೊಟ್ಟ ಡಬ್ಬಿಯಿಂದ ದಿನಾ ಒಂದು ಚಮಚ ಬಿಸಿನೀರಿಗೆ ಕಲಸಿ ಕುಡಿಯುತ್ತಿದ್ದರು. ಡಬ್ಬಿ ಮೇಲೆ ‘ಮರೀನ್ ಕೊಲಾಜನ್’ ಅಂತ ಇತ್ತು. ‘ಸಮುದ್ರದ್ದು ಅಂದ್ರೆ ಪಾಚಿ ಇರಬೇಕು ಕಣೆ’ ಅಂದರು. ಪಾಚಿ ಅಲ್ಲ, ಮೀನಿನ ಚರ್ಮ. ಕೊಲಾಜನ್ ಅನ್ನುವುದೇ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವ ಪ್ರೋಟೀನ್. ಇಲ್ಲಿನ ಡಬ್ಬಿಯಾಗಿದ್ದರೆ ಮಾಂಸಾಹಾರದ ಗುರುತಾದ ಕಂದು ತ್ರಿಕೋನ ನೋಡಿಯಾದರೂ ಗೊತ್ತಾಗುತ್ತಿತ್ತು, ಹೊರಗಿನಿಂದ ಸೂಟ್‌ಕೇಸಿನಲ್ಲಿ ಬಂದ ಡಬ್ಬಿಗೆ ಆ ಗುರುತು ಎಲ್ಲಿಂದ ಬರಬೇಕು. ನಾನು ಭೂತಗನ್ನಡಿ ಹಿಡಿದು ಓದಿ ಹೇಳಿದ ಮೇಲೆ ಅವರು ಎರಡು ದಿನ ನನ್ನ ಜೊತೆ ಮಾತೇ ಆಡಲಿಲ್ಲ.

ಮೀನು ತಿನ್ನುವವರಿಗೆ ಆ ತೊಂದರೆ ಇಲ್ಲ, ಸರಿ. ಆದರೆ ಉಪಯೋಗ ಇದೆಯಾ? ಹೊಟ್ಟೆಗೆ ಹೋದ ಕೊಲಾಜನ್ ಅಲ್ಲಿ ಪುಡಿಪುಡಿ ಆಗುತ್ತದೆ, ನೆಟ್ಟಗೆ ಹೋಗಿ ಕೆನ್ನೆಯಲ್ಲಿ ಕೂರುವುದಿಲ್ಲ. ಆ ಚೂರುಗಳಿಂದ ಚರ್ಮಕ್ಕೆ ಲಾಭ ಇದೆ ಅಂತ ಹೇಳುವ ಅಧ್ಯಯನಗಳೂ ಇವೆ. 2025ರಲ್ಲಿ ಅಂಥ 23 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಕಂಪನಿ ದುಡ್ಡಿನಲ್ಲಿ ನಡೆದವುಗಳಲ್ಲಿ ಲಾಭ ಕಂಡಿತು, ಕಂಪನಿ ದುಡ್ಡಿಲ್ಲದೆ ನಡೆದವುಗಳಲ್ಲಿ ಕಾಣಲಿಲ್ಲ. ನಾನು ಇದಕ್ಕಿಂತ ಜಾಸ್ತಿ ಏನೂ ಹೇಳಬೇಕಾಗಿಲ್ಲ.

ಗುಳಿಗೆಗಳೇ ಬೇಡ ಅಂತ ನಾನು ಹೇಳುತ್ತಿಲ್ಲ. ನಾನೂ ಬಿ12 ತೆಗೆದುಕೊಳ್ಳುತ್ತೇನೆ, ರಕ್ತದಲ್ಲಿ ಕಡಿಮೆ ಇದೆ ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ. ಸಸ್ಯಾಹಾರಿಗಳಲ್ಲಿ ಇದು ಎಷ್ಟೋ ಜನಕ್ಕೆ ಬೇಕಾಗುತ್ತದೆ. ಆದರೆ ಪಾರ್ಕಿನಲ್ಲಿ ವಾಕಿಂಗ್ ಮಾಡುವಾಗ ಪಕ್ಕದವರು ಹೇಳಿದರು ಅಂತ ತೆಗೆದುಕೊಳ್ಳುವುದಿದೆಯಲ್ಲ, ಅದೇ ಕಷ್ಟ. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಚರ್ಮಕ್ಕೆ ಒಳ್ಳೆಯದು ಅಂತ ಜಾಸ್ತಿ ಡೋಸಿನ ವಿಟಮಿನ್ ಇ ಶುರು ಮಾಡಿದರೆ ರಕ್ತಸ್ರಾವದ ಭಯ. ವಿಟಮಿನ್ ಎ ಜಾಸ್ತಿಯಾದರೆ ಲಿವರ್‌ಗೆ ಪೆಟ್ಟು.

ಇನ್ನು ಊಟ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅನ್ನ ಸಾರು, ಸಂಜೆ ಟೀಗೆ ರಸ್ಕ್, ರಾತ್ರಿ ‘ಏನೂ ಬೇಡ, ಸ್ವಲ್ಪ ಉಪ್ಪಿಟ್ಟು ಸಾಕು’. ನಮ್ಮ ವಯಸ್ಸಿನ ಹೆಂಗಸರ ತಟ್ಟೆ ಹೀಗೇ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಲೆಕ್ಕದಲ್ಲಿ ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, 60 ಕೆಜಿ ಇದ್ದವರಿಗೆ ಸುಮಾರು 50 ಗ್ರಾಂ. ಈ ತಟ್ಟೆಯಲ್ಲಿ ಅದೆಲ್ಲಿದೆ? ನಾನು ಈಗ ಹುರುಳಿಕಾಳಿನ ಬಸ್ಸಾರು, ಮೊಳಕೆ ಹೆಸರುಕಾಳು, ಮೊಸರು ಅಂತ ಹುಡುಕಿ ತಿನ್ನುತ್ತೇನೆ. ಅವರೆಕಾಯಿ ಕಾಲದಲ್ಲಂತೂ ಹೇಳುವುದೇ ಬೇಡ, ಹಿತಕಿದ ಬೇಳೆ ಸಾರಿಗೆ ನಮ್ಮನೆಯಲ್ಲಿ ಜಗಳ. ಮೈ ತಾನೇ ಕೊಲಾಜನ್ ಮಾಡಿಕೊಳ್ಳಲು ವಿಟಮಿನ್ ಸಿ ಬೇಕು, ಅದಕ್ಕೆ ಗಾಂಧಿ ಬಜಾರಿನ ಒಂದು ಸೀಬೆಹಣ್ಣು ಧಾರಾಳ ಸಾಕು. ಸ್ನಾನಕ್ಕೆ ಕುದಿಯುವ ನೀರು ಬಿಟ್ಟೆ, ಒರೆಸಿಕೊಂಡ ತಕ್ಷಣ ಮೈ ಇನ್ನೂ ತೇವ ಇರುವಾಗಲೇ ಔಷಧಿ ಅಂಗಡಿಯ ಸಾದಾ ಕ್ರೀಮ್ ಹಚ್ಚುತ್ತೇನೆ. ಬೆಂಗಳೂರು ತಂಪು ಅಂತ ಬಿಸಿಲಿಗೆ ನಾವು ಹೆದರುವುದಿಲ್ಲ, ಆದರೆ 900 ಮೀಟರ್ ಎತ್ತರದಲ್ಲಿದ್ದೇವೆ, ಎತ್ತರ ಹೆಚ್ಚಿದಷ್ಟೂ ಬಿಸಿಲಿನ ಅತಿನೇರಳೆ ಕಿರಣ ಜಾಸ್ತಿ, ಬಿಸಿಲು ಸುಡದೇ ಇದ್ದರೂ ಚರ್ಮ ಸುಕ್ಕಾಗುವುದು ತಪ್ಪುವುದಿಲ್ಲ. ಕೊಡೆ ಹಿಡಿದು ತರಕಾರಿಗೆ ಹೋದರೆ ಜನ ನಗುತ್ತಾರೆ, ನಗಲಿ.

ನಿಮ್ಮಲ್ಲಿ ನನ್ನ ಕೋರಿಕೆ ಒಂದೇ. ಇಂಥ ಜಾಹೀರಾತಿನ ಕೆಳಗೆ, ‘ರಕ್ತಪರೀಕ್ಷೆಗೆ ಮೊದಲು ಡಾಕ್ಟರಿಗೆ ತಿಳಿಸಿ’ ಅಂತ ಕನ್ನಡದಲ್ಲಿ, ಕನ್ನಡಕ ಇಲ್ಲದೆಯೂ ಓದುವಷ್ಟು ದಪ್ಪ ಅಕ್ಷರದಲ್ಲಿ ಹಾಕಿಸಿ. ಲ್ಯಾಬ್‌ನವರಿಗೂ ಒಂದು ಮಾತು. ಬೆಳಿಗ್ಗೆ ಆರಕ್ಕೆ ಮನೆಗೆ ಬರುವ ಹುಡುಗ ‘ಖಾಲಿ ಹೊಟ್ಟೇನಾ ಅಮ್ಮ?’ ಅಂತ ಕೇಳುತ್ತಾನೆ, ಅದರ ಜೊತೆಗೇ ‘ವಿಟಮಿನ್ ಗುಳಿಗೆ ಏನಾದ್ರೂ?’ ಅಂತ ಕೇಳಲು ಎಷ್ಟು ಹೊತ್ತು ಬೇಕು?

ಹೋದ ತಿಂಗಳು ಅವನು ಬಂದಾಗ ನಾನೇ ಹೇಳಿದೆ, ಬಯೋಟಿನ್ ಬಿಟ್ಟಿದ್ದೇನೆ ಬರೆದುಕೋಪ್ಪ ಅಂತ. ಅವನ ಫಾರಂನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ನನ್ನ ವಯಸ್ಸು ಬರೆದಿದ್ದರ ಪಕ್ಕದಲ್ಲಿ ಸಣ್ಣದಾಗಿ ಗೀಚಿಕೊಂಡು ಹೋದ.

– ಒಬ್ಬ ನಿವೃತ್ತ ಶಿಕ್ಷಕಿ, ಹನುಮಂತನಗರ, ಬೆಂಗಳೂರು