ಮಾಜಿ ಸೈನಿಕರ ಅರ್ಜಿಗೆ ತಾಲ್ಲೂಕಿನಲ್ಲೇ ನೆರವು ಸಿಗಲಿ

ಮಾನ್ಯ ಸಂಪಾದಕರೇ,

1971ರ ಯುದ್ಧದಲ್ಲಿ ಹೋರಾಡಿದ ನಮ್ಮೂರಿನ ಅಜ್ಜರೊಬ್ಬರು ಪಿಂಚಣಿ ಅರ್ಜಿ ಹಿಡಿದು ಇಂದಿಗೂ ಅಂಕೋಲಾದಿಂದ ಜಿಲ್ಲಾ ಕೇಂದ್ರ ಕಾರವಾರಕ್ಕೆ ಅಲೆಯುತ್ತಿದ್ದಾರೆ. ಹೋದ ವಾರ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದರು. ಪ್ಲಾಸ್ಟಿಕ್ ಕೊಟ್ಟೆಯೊಳಗೆ ಸುತ್ತಿಟ್ಟ, ಸೇನೆ ಬಿಟ್ಟಾಗ ಕೊಟ್ಟ ಡಿಸ್ಚಾರ್ಜ್ ಬುಕ್ ತೆಗೆದು ತೋರಿಸಿದರು. ಮಳೆನೀರು ತಾಗಿ ಅರ್ಧ ಅಕ್ಷರ ಅಳಿಸಿವೆ. ಅದರಲ್ಲಿರುವ ಹೆಸರಿಗೂ ಆಧಾರ್ ಕಾರ್ಡಿನ ಹೆಸರಿಗೂ ಒಂದಕ್ಷರ ವ್ಯತ್ಯಾಸವಂತೆ. ಅಷ್ಟಕ್ಕೇ ಅರ್ಜಿ ವಾಪಸ್!

ಅವರಂತೆ 15 ವರ್ಷ ಸೇವೆ ಆಗದ ಸಿಪಾಯಿಗಳಿಗೆ ಸಾಮಾನ್ಯವಾಗಿ ಸೇವಾ ಪಿಂಚಣಿ ಸಿಗುವುದಿಲ್ಲ, ನಿಜ. ಆದರೆ ಪಿಂಚಣಿಯಿಲ್ಲದ, 65 ದಾಟಿದ, ಹವಾಲ್ದಾರ್ ದರ್ಜೆವರೆಗಿನ ಬಡ ಮಾಜಿ ಸೈನಿಕರಿಗೆ ರಕ್ಷಣಾ ಸಚಿವರ ಕಲ್ಯಾಣ ನಿಧಿಯಿಂದ ತಿಂಗಳ ನೆರವು ಇದೆ. ಇದನ್ನು ಆ ಅಜ್ಜರಿಗೆ ಯಾರೂ ಹೇಳಿರಲೇ ಇಲ್ಲ. ಹೇಳಿದ್ದರೂ ಅರ್ಜಿ ಆನ್‌ಲೈನ್. ಅವರ ಕೈಯಲ್ಲಿರುವುದು ಬಟನ್ ಮೊಬೈಲ್.

ಕಾರವಾರದ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆ ನೋಡಲು ಮಕ್ಕಳನ್ನು ಕರೆದೊಯ್ಯುತ್ತೇವೆ. ಯುದ್ಧ ಮಾಡಿದವರನ್ನೂ ಸ್ವಲ್ಪ ನೋಡಬೇಕು, ಅಲ್ವಾ?

ಸೈನಿಕ ಕಲ್ಯಾಣ ಇಲಾಖೆಯವರು ತಿಂಗಳಿಗೊಮ್ಮೆ ಪ್ರತಿ ತಾಲ್ಲೂಕಿನಲ್ಲಿ ಕುಳಿತು, ದಾಖಲೆ ತಿದ್ದಿಸಿ, ಅರ್ಜಿಯನ್ನೂ ಅಲ್ಲೇ ತುಂಬಿಸಿಕೊಡಲಿ. ಜೊಯಿಡಾ, ಸಿದ್ದಾಪುರದಂಥ ದೂರದ ತಾಲ್ಲೂಕುಗಳಿಂದಲೇ ಶುರುಮಾಡಿದರೆ ಒಳ್ಳೆಯದು.

– ಓದುಗ, ಅಂಕೋಲಾ