ಕಾರ್ಬೊರೇಟರ್ ಬದಲಿಸುವ ಮುನ್ನ ಪೆಟ್ರೋಲ್ ಪೈಪ್ ಬಿಚ್ಚಿ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಕುರಿತು ತಮ್ಮ ವಾಚಕರ ಪುಟದಲ್ಲಿ ಆಗಾಗ ಪತ್ರಗಳು ಬರುತ್ತಿವೆ. ಹಳೆಯ ಕಾರು, ಬೈಕುಗಳ ಮೈಲೇಜ್ ಇಳಿದಿದೆಯೇ ಇಲ್ಲವೇ ಎಂಬುದರ ಸುತ್ತಲೇ ಆ ವಾದವೆಲ್ಲ ನಡೆಯುತ್ತಿದ್ದು, ಅದೇ ಬಂಕಿನ ಪೆಟ್ರೋಲನ್ನು ನಂಬಿಕೊಂಡಿರುವ ಹಳೆಯ ತೋಟದ ಟ್ರ್ಯಾಕ್ಟರುಗಳ ಪಾಡನ್ನು ಯಾರೂ ಪ್ರಸ್ತಾಪಿಸಿದಂತಿಲ್ಲ. ನಮ್ಮ ನಗರದ ಕಾಲೇಜು ಮೈದಾನಗಳಲ್ಲಿ, ಕಾರ್ಖಾನೆಗಳ ಆವರಣಗಳಲ್ಲಿ, ಯಲಹಂಕ, ಹೆಸರಘಟ್ಟ, ದೇವನಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಹುಲ್ಲು ಕತ್ತರಿಸಲು, ಗೊಬ್ಬರದ ಗಾಡಿ ಎಳೆಯಲು ಇಂಥ ಚಿಕ್ಕ ಪೆಟ್ರೋಲ್ ಟ್ರ್ಯಾಕ್ಟರುಗಳು ಇಂದಿಗೂ ದುಡಿಯುತ್ತಿವೆ. ಇವುಗಳ ರಿಪೇರಿ, ನಿರ್ವಹಣೆಯನ್ನೇ ಬಹುಕಾಲದಿಂದ ವೃತ್ತಿಯಾಗಿಸಿಕೊಂಡಿರುವವನಾಗಿ ಕೆಲವು ಮಾತುಗಳನ್ನು ಬರೆಯಬಯಸುತ್ತೇನೆ.

ಈ ಯಂತ್ರಗಳ ಬಗ್ಗೆ ಬರುವ ದೂರು ಹೆಚ್ಚೂಕಡಿಮೆ ಒಂದೇ. ಎಂಜಿನ್ ಸ್ಟಾರ್ಟ್ ಆಗುತ್ತದೆ, ಸ್ವಲ್ಪ ಹೊತ್ತು ಚೆನ್ನಾಗಿಯೇ ಓಡುತ್ತದೆ, ಆಮೇಲೆ ಉಸಿರು ಕಟ್ಟಿದಂತೆ ಗೊರಗುಟ್ಟಿ ನಿಲ್ಲುತ್ತದೆ. ಗ್ಯಾರೇಜಿಗೆ ಒಯ್ದರೆ ಬಹುತೇಕ ಕಡೆ ಸಿಗುವ ಉತ್ತರವೂ ಒಂದೇ: ‘ಕಾರ್ಬೊರೇಟರ್ ಹೋಗಿದೆ, ಹೊಸದು ಹಾಕಿಸಿ’. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಈ ಭಾಗ ಹಳೆಯ ಮಾದರಿಗೆ ಅಸಲಿಯದು ಸಿಗುವುದು ಕಷ್ಟ. ಹೀಗಾಗಿ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನೆಲ್ಲ ಸುತ್ತಿ, ಹೊಂದಿಕೆಯಾದೀತು ಎಂದು ತಂದದ್ದನ್ನು ಕೂರಿಸಿ, ಆಮೇಲೂ ಎಂಜಿನ್ ಅದೇ ರೀತಿ ನಿಂತಾಗ ಯಂತ್ರವನ್ನೇ ಗುಜರಿಗೆ ಹಾಕಿದವರನ್ನು ನಾನು ಬಲ್ಲೆ. ಅಂಥ ಒಂದು ಯಂತ್ರದಲ್ಲಿ ನಿಜವಾಗಿ ಕೆಟ್ಟಿದ್ದದ್ದು ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಮಾತ್ರ.

ಪೆಟ್ರೋಲ್ ಟ್ಯಾಂಕಿನಿಂದ ಕಾರ್ಬೊರೇಟರಿಗೆ ಯಾವ ದಾರಿಯಲ್ಲಿ ಹರಿಯುತ್ತದೋ ಅದೇ ದಾರಿಯಲ್ಲಿ ಪರೀಕ್ಷೆಯೂ ಸಾಗಬೇಕು. ಅದಕ್ಕೂ ಮುನ್ನ, ದೋಷ ಪೆಟ್ರೋಲಿನದೇ ಎಂದು ಖಚಿತಪಡಿಸಿಕೊಳ್ಳಬೇಕು. ಎಂಜಿನ್ ನಿಂತ ಕೂಡಲೇ ಕಿಡಿ ಹೊತ್ತಿಸುವ ಪ್ಲಗ್ ಬಿಚ್ಚಿ ನೋಡಿದಾಗ ಅದು ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ ಎಂದರ್ಥ. ಒದ್ದೆಯಾಗಿದ್ದರೆ ಕಿಡಿಯ ತೊಂದರೆಯೋ, ಪೆಟ್ರೋಲ್ ಉಕ್ಕಿ ಬರುವ ತೊಂದರೆಯೋ ಇರುತ್ತದೆ. ಬಿಸಿಯಾದಾಗ ಮಾತ್ರ ಕೈಕೊಡುವ ಇಗ್ನಿಷನ್ ಕಾಯಿಲ್ (ಪ್ಲಗ್ಗಿಗೆ ವಿದ್ಯುತ್ ಕೊಡುವ ಭಾಗ) ಕೂಡ ಸ್ವಲ್ಪ ಹೊತ್ತು ಓಡಿ ನಿಲ್ಲುವ ಇದೇ ಲಕ್ಷಣ ತೋರಿಸುವುದರಿಂದ ಈ ಹೆಜ್ಜೆಯನ್ನು ಬಿಡುವಂತಿಲ್ಲ.

ಪ್ಲಗ್ ಒಣಗಿದ್ದರೆ ಮೊದಲು ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿ ಓಡಿಸಿ ನೋಡಬೇಕು. ಪೆಟ್ರೋಲ್ ಖಾಲಿಯಾದಷ್ಟೂ ಹೊರಗಿನ ಗಾಳಿ ಆ ಜಾಗಕ್ಕೆ ಬರಬೇಕು. ಮುಚ್ಚಳದ ಸಣ್ಣ ರಂಧ್ರ ದೂಳಿನಿಂದ ಕಟ್ಟಿಕೊಂಡರೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಹರಿವು ನಿಲ್ಲುತ್ತದೆ. ಸಡಿಲಿಸಿದ ಕ್ಷಣ ‘ಸುಂಯ್’ ಎಂದು ಗಾಳಿ ಒಳನುಗ್ಗಿದ ಸದ್ದು ಕೇಳಿ, ಆಮೇಲೆ ಎಂಜಿನ್ ನಿಲ್ಲದೆ ಓಡಿದರೆ ಚಿಕಿತ್ಸೆ ಅಲ್ಲಿಗೇ ಮುಗಿಯಿತು. ಮುಚ್ಚಳ ಸರಿಯಿದ್ದರೆ, ಕಾರ್ಬೊರೇಟರ್ ಕಡೆಯ ಪೈಪ್ ಕಳಚಿ ಅದರ ತುದಿಯನ್ನು ಗಾಜಿನ ಬಾಟಲಿಯೊಳಗೆ ಇಡಬೇಕು. ಟ್ಯಾಂಕ್ ಎತ್ತರದಲ್ಲಿರುವ ಮಾದರಿಯಲ್ಲಿ ಪೆಟ್ರೋಲ್ ತಾನಾಗಿಯೇ ಧಾರೆಯಾಗಿ ಬೀಳಬೇಕು. ಟ್ಯಾಂಕ್ ಸೀಟಿನ ಕೆಳಗಿರುವ ಮಾದರಿಯಲ್ಲಿ ಪಂಪ್ ಇರುವುದರಿಂದ, ಪ್ಲಗ್ಗಿನ ವಯರ್ ಕಳಚಿ ದೂರವಿರಿಸಿ ಎಂಜಿನ್ ತಿರುಗಿಸಿದಾಗ ಚಿಮ್ಮಿ ಚಿಮ್ಮಿ ಬರಬೇಕು. ಪೈಪ್ ಕಳಚುವ ಈ ಪರೀಕ್ಷೆಯನ್ನು ಎಂಜಿನ್ ತಣ್ಣಗಾದ ಮೇಲೆ, ಬಯಲಿನಲ್ಲಿಯೇ ಮಾಡಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಶೆಡ್ಡಿನ ನೆಲದಲ್ಲೇ ತಂಗಿರುತ್ತದೆ. ಪಕ್ಕದಲ್ಲಿ ಬೀಡಿ ಸೇದುತ್ತಾ ನಿಲ್ಲುವ ಸಹಾಯಕರನ್ನು ದೂರ ಕಳಿಸಬೇಕು.

ಹರಿವು ಕಡಿಮೆಯಿದ್ದರೆ ಅನುಮಾನ ಮೊದಲು ಹೋಗಬೇಕಾದದ್ದು ಪೈಪಿನ ಮೇಲೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಈಚೆಗೆ ನನ್ನ ಬಳಿ ಬಂದ ಒಂದು ಯಂತ್ರದ ಪೈಪ್ ಹೊರಗಿನಿಂದ ಕಪ್ಪಗೆ, ನುಣುಪಾಗಿ, ಒಂದು ಬಿರುಕೂ ಇಲ್ಲದೆ ಹೊಸದರಂತೆಯೇ ಇತ್ತು. ಬ್ಲೇಡಿನಿಂದ ಉದ್ದಕ್ಕೆ ಸೀಳಿದಾಗ ಒಳಗಿನ ರಬ್ಬರ್ ಪದರ ಊದಿಕೊಂಡು, ಗೋಡೆಯಿಂದ ಬಿಟ್ಟು, ಕಿರುನಾಲಿಗೆಯಂತೆ ಜೋತುಬಿದ್ದಿರುವುದು ಕಂಡಿತು. ಪಂಪ್ ಎಳೆದಾಗಲೆಲ್ಲ ಆ ಪದರವೇ ದಾರಿಗೆ ಅಡ್ಡ ಬಂದು ಮುಚ್ಚುತ್ತಿತ್ತು. ಎಂಜಿನ್ ನಿಂತು ಸೆಳೆತ ತಗ್ಗಿದಾಗ ತೆರೆದುಕೊಳ್ಳುತ್ತಿತ್ತು. ಊದಿ ನೋಡಿದರೆ ಗಾಳಿ ಸಲೀಸಾಗಿ ಹೋಗುತ್ತಿದ್ದುದರಿಂದ ಹಿಂದೆ ನೋಡಿದವರು ಪೈಪ್ ಸರಿಯಿದೆ ಎಂದೇ ಬಗೆದಿದ್ದರು. ಮುಟ್ಟಿದರೆ ಬೆರಳಿಗೆ ಮಸಿ ಅಂಟುವ, ಹಿಚುಕಿದರೆ ಹಿಟ್ಟಿನಂತೆ ಮೆತ್ತಗಾಗಿರುವ ಪೈಪನ್ನು ಹೆಚ್ಚಿನ ಪರೀಕ್ಷೆಯಿಲ್ಲದೆಯೇ ಎಸೆಯಬಹುದು. ಬದಲಿಗೆ ಕೊಳ್ಳುವಾಗ ಎಥೆನಾಲ್ ತಾಳಿಕೊಳ್ಳುವ ಪೆಟ್ರೋಲ್ ಪೈಪನ್ನೇ ಕೇಳಿ ತರಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಕೆಲವೇ ತಿಂಗಳಲ್ಲಿ ಕಡ್ಡಿಯಂತೆ ಗಟ್ಟಿಯಾಗಿ ಕ್ಲಿಪ್ಪಿನ ಬಳಿ ಸೋರತೊಡಗುತ್ತದೆ.

ಪೈಪಿನ ನಡುವಿನ ಫಿಲ್ಟರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬಾಣದ ಗುರುತು ಎಂಜಿನ್ ಕಡೆಗಿರಬೇಕು. ಪಂಪ್ ಇಲ್ಲದ ಮಾದರಿಗೆ ತೀರಾ ಸಣ್ಣ ರಂಧ್ರಗಳ ಫಿಲ್ಟರ್ ಹಾಕಿದರೆ ಪೆಟ್ರೋಲ್ ತನ್ನ ಭಾರದಿಂದಷ್ಟೇ ಅದನ್ನು ದಾಟಲಾರದು. ಪಂಪಿನ ವಿಷಯ ಮಾತ್ರ ಗಂಭೀರವಾದದ್ದು. ಈ ಟ್ರ್ಯಾಕ್ಟರುಗಳಲ್ಲಿ ಹಲವಕ್ಕೆ ಇರುವ ಪಂಪ್, ಕ್ರ್ಯಾಂಕ್‌ಕೇಸಿನೊಳಗಿನ (ಎಂಜಿನ್ನಿನ ಕೆಳಭಾಗದ ಪೆಟ್ಟಿಗೆಯೊಳಗಿನ) ಒತ್ತಡದ ಏರಿಳಿತದಿಂದಲೇ ಒಂದು ತೆಳು ಡಯಾಫ್ರಮನ್ನು (ರಬ್ಬರ್ ಹಾಳೆಯನ್ನು) ಹಿಂದೆ ಮುಂದೆ ಆಡಿಸಿ ಕೆಲಸ ಮಾಡುತ್ತದೆ. ಆ ಡಯಾಫ್ರಂ ಹರಿದರೆ ಪೆಟ್ರೋಲ್ ಕಾರ್ಬೊರೇಟರಿಗೆ ಹೋಗುವ ಬದಲು ಒತ್ತಡದ ಪೈಪಿನ ಮೂಲಕ ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ಕಡ್ಡಿಯನ್ನು ಎಳೆದು ನೋಡಿದಾಗ ಮಟ್ಟ ಏರಿದ್ದು ಪೆಟ್ರೋಲ್ ವಾಸನೆ ಬಂದರೆ ಎಂಜಿನ್ನನ್ನು ಇನ್ನೊಂದು ಸುತ್ತೂ ತಿರುಗಿಸದೆ ಪಂಪನ್ನೂ ಆಯಿಲನ್ನೂ ಬದಲಿಸಬೇಕು. ಇಲ್ಲವಾದರೆ ತೆಳುವಾದ ಆಯಿಲ್‌ನಲ್ಲಿ ಬೇರಿಂಗುಗಳು ಸವೆದು, ಅಗ್ಗದ ರಬ್ಬರ್ ತುಂಡಿನ ಸಲುವಾಗಿ ಇಡೀ ಎಂಜಿನ್ ಬಿಚ್ಚಬೇಕಾಗುತ್ತದೆ. ಕಾರ್ಬೊರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ನೀಡಲ್ ಪೂರ್ತಿ ಮುಚ್ಚಿಕೊಳ್ಳದಿದ್ದಾಗಲೂ ಆಯಿಲ್‌ಗೆ ಪೆಟ್ರೋಲ್ ಸೇರುವುದುಂಟು. ಅದನ್ನೂ ನೋಡಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಕಾರ್ಬೊರೇಟರಿಗೆ ಕೈಹಚ್ಚಬೇಕು. ಗಾಳಿ ತಡೆಯುವ ಚೋಕನ್ನು ಅರ್ಧ ಎಳೆದಾಗ ಎಂಜಿನ್ ಸುಧಾರಿಸಿದರೆ ಜೆಟ್ (ಪೆಟ್ರೋಲ್ ಹಾದುಬರುವ ಸಣ್ಣ ರಂಧ್ರದ ತುಂಡು) ಕಟ್ಟಿದೆ ಎಂದು ತಿಳಿಯಬಹುದು. ಬೌಲಿನ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ) ಕೆಳಗೆ ಪೆಟ್ರೋಲ್ ತಡೆಯುವ ಸೊಲೆನಾಯ್ಡ್ (ವಿದ್ಯುತ್ತಿನಿಂದ ಆಡುವ ಕವಾಟ) ಇರುವ ಮಾದರಿಯಲ್ಲಿ, ಕೀಲಿ ತಿರುಗಿಸಿದಾಗ ‘ಟಕ್’ ಎಂಬ ಸದ್ದು ಬಾರದಿದ್ದರೆ ಅದರ ವಯರನ್ನು ಮೊದಲು ನೋಡಬೇಕು. ಬೌಲ್ ಬಿಚ್ಚಿದಾಗ ತಳದಲ್ಲಿ ಬಿಳಿಯ ಪುಡಿ, ಕಂದು ಬಣ್ಣದ ಅಂಟು, ಕೆಲವೊಮ್ಮೆ ನೀರಿನ ಹನಿಗಳೂ ಕಾಣುತ್ತವೆ. ಜೆಟ್ಟನ್ನು ಸ್ಪ್ರೇಯಿಂದ ತೊಳೆದು ಗಾಳಿ ಹೊಡೆಸಿದರೆ ಸಾಕು. ಉಕ್ಕಿನ ತಂತಿ ತೂರಿಸಿದರೆ ಮೃದುವಾದ ಹಿತ್ತಾಳೆಯ ರಂಧ್ರ ದೊಡ್ಡದಾಗಿ, ಆಗ ನಿಜಕ್ಕೂ ಹೊಸ ಕಾರ್ಬೊರೇಟರೇ ಬೇಕಾಗಬಹುದು. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ದ್ರಾಕ್ಷಿ ತೋಟಗಳ ಡೀಸೆಲ್ ಮಿನಿ ಟ್ರ್ಯಾಕ್ಟರುಗಳಿಗೆ ಈ ಕಾರ್ಬೊರೇಟರಿನ ಗೋಜಿಲ್ಲ. ಅಲ್ಲಿ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವುದೇ ಮುಖ್ಯ ಕೆಲಸ.

ಎಥೆನಾಲ್‌ಗೂ ಇದಕ್ಕೂ ಇರುವ ಸಂಬಂಧವನ್ನು ಇಷ್ಟು ಹೇಳಿದ ಮೇಲೆ ವಿವರಿಸುವುದು ಸುಲಭ. ಎಥೆನಾಲ್ ಹಳೆಯ ಕಾಲದ ರಬ್ಬರನ್ನು ಊದಿಸಿ ಮೆತ್ತಗಾಗಿಸುತ್ತದೆ. ಟ್ಯಾಂಕಿನ ತಳದಲ್ಲಿ ಕುಳಿತಿದ್ದ ಹಳೆಯ ಅಂಟನ್ನು ಕರಗಿಸಿ ಫಿಲ್ಟರಿಗೂ ಜೆಟ್ಟಿಗೂ ತಂದು ತುಂಬುತ್ತದೆ. ಗಾಳಿಯ ತೇವವನ್ನು ಹೀರಿಕೊಂಡು, ನೀರು ಮಿತಿಮೀರಿದಾಗ ಪೆಟ್ರೋಲಿನಿಂದ ಬೇರ್ಪಟ್ಟು ಆ ನೀರಿನೊಂದಿಗೇ ತಳಕ್ಕೆ ಇಳಿಯುತ್ತದೆ. ಕಾರಿನ ಟ್ಯಾಂಕ್ ವಾರಕ್ಕೊಮ್ಮೆ ತುಂಬಿ ಖಾಲಿಯಾಗುತ್ತಿರುತ್ತದೆ; ತೋಟದ ಟ್ರ್ಯಾಕ್ಟರ್ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಟ್ಯಾಂಕಿನೊಂದಿಗೆ ಶೆಡ್ಡಿನಲ್ಲಿ ನಿಂತಿರುವುದೂ ಉಂಟು. ಇಂಥ ಸಣ್ಣ ಎಂಜಿನ್ ತಯಾರಿಸುವ ಬ್ರಿಗ್ಸ್ ಅಂಡ್ ಸ್ಟ್ರ್ಯಾಟನ್, ಕೊಹ್ಲರ್ ಕಂಪನಿಗಳ ಕೈಪಿಡಿಗಳು ಶೇ 10ರವರೆಗಿನ ಎಥೆನಾಲನ್ನು ಮಾತ್ರ ಒಪ್ಪುತ್ತವೆ. ಎಥೆನಾಲಿನಲ್ಲಿರುವ ಆಮ್ಲಜನಕದಿಂದ ಗಾಳಿ–ಪೆಟ್ರೋಲ್ ಮಿಶ್ರಣ ತೆಳುವಾಗುತ್ತದೆ (ಗಾಳಿಯ ಪಾಲು ಹೆಚ್ಚುತ್ತದೆ) ಎಂಬ ಆತಂಕವೂ ಸುಳ್ಳಲ್ಲ. ಆದರೂ ಸುಮಾರು 900 ಮೀಟರ್ ಎತ್ತರದಲ್ಲಿರುವ, ಗಾಳಿಯೇ ತುಸು ತೆಳುವಾಗಿರುವ ಬೆಂಗಳೂರಿನಲ್ಲಿ, ಸಮುದ್ರಮಟ್ಟಕ್ಕೆ ಹೊಂದಿಸಿದ ಜೆಟ್ಟುಗಳು ಮೊದಲೇ ಕೊಂಚ ಹೆಚ್ಚು ಪೆಟ್ರೋಲ್ ಕೊಡುತ್ತಿದ್ದುದರಿಂದ, ನನ್ನ ಮಟ್ಟಿಗೆ ಆ ತೊಂದರೆ ರಬ್ಬರಿನದಷ್ಟು ದೊಡ್ಡದಾಗಿ ಕಂಡಿಲ್ಲ.

ಶೇ 20ರ ಈ ಪೆಟ್ರೋಲ್ ದೇಶಕ್ಕೆ ಬಿಡುಗಡೆಯಾದದ್ದು 2023ರ ಫೆಬ್ರುವರಿ 6ರಂದು, ನಮ್ಮ ಬೆಂಗಳೂರಿನಲ್ಲಿಯೇ. ಅದಕ್ಕೂ ಮೊದಲು, 2021ರಲ್ಲಿ ನೀತಿ ಆಯೋಗ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಹಳೆಯ ವಾಹನಗಳಿಗಾಗಿ ಶೇ 10ರ ಪೆಟ್ರೋಲ್ ಲಭ್ಯವಿರಬೇಕು ಎಂಬ ಶಿಫಾರಸೂ ಇತ್ತು. ಕಬ್ಬು, ಮೆಕ್ಕೆಜೋಳ ಬೆಳೆಯುವ ರೈತರಿಗೆ ಎಥೆನಾಲಿನಿಂದ ಅನುಕೂಲವಾಗುತ್ತಿರುವಾಗ ಅದನ್ನು ವಿರೋಧಿಸುವುದು ನನ್ನ ಉದ್ದೇಶವಲ್ಲ. ಆ ಶಿಫಾರಸಿನಂತೆ ನಗರದ ಕೆಲವು ಬಂಕುಗಳಲ್ಲಾದರೂ ಶೇ 10ರ ಪೆಟ್ರೋಲ್ ದೊರೆಯುವಂತೆ ತೈಲ ಕಂಪನಿಗಳು ವ್ಯವಸ್ಥೆ ಮಾಡಬೇಕು. ಪ್ರತಿ ಬಂಕಿನಲ್ಲಿ ಎಥೆನಾಲ್ ಪ್ರಮಾಣವನ್ನು ಕನ್ನಡದಲ್ಲಿ, ದೂರದಿಂದ ಓದುವಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಸಬೇಕು. ಹಾಗೆಯೇ ತೋಟಗಾರಿಕೆ ಇಲಾಖೆಯೋ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಕೃಷಿ ಎಂಜಿನಿಯರಿಂಗ್ ವಿಭಾಗವೋ ಪ್ರತಿ ವರ್ಷ ಮುಂಗಾರಿಗೆ ಮೊದಲು ಮಾಲಿಗಳಿಗೂ ಸಣ್ಣ ಗ್ಯಾರೇಜಿನ ಮೆಕ್ಯಾನಿಕ್‌ಗಳಿಗೂ ಅರ್ಧ ದಿನದ ತರಬೇತಿ ನಡೆಸಿ, ಟ್ಯಾಂಕ್ ಖಾಲಿ ಮಾಡಿಡುವುದನ್ನೂ ಪೈಪ್ ಪರೀಕ್ಷಿಸುವುದನ್ನೂ ಯಂತ್ರವನ್ನು ಮುಂದಿಟ್ಟುಕೊಂಡೇ ತೋರಿಸಿಕೊಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ,
ಯಲಹಂಕ, ಬೆಂಗಳೂರು