ಕುತ್ತಿಗೆ ಸ್ಕ್ಯಾನ್: ಬೇಕಾದವರಿಗೆ ಸರದಿ, ಬೇಡದವರಿಗೆ ಆಫರ್

ಸಂಪಾದಕರೇ,

ನಮ್ಮ ಗಂಗಾವತಿಯಲ್ಲಿ ಈಗ ಎಲ್ಲಿ ನೋಡಿದರೂ 'ಫುಲ್ ಬಾಡಿ ಚೆಕಪ್' ಬ್ಯಾನರ್. ರಕ್ತ, ಮೂತ್ರ, ಇಸಿಜಿ ಜೊತೆಗೆ ಕುತ್ತಿಗೆಯ ಡಾಪ್ಲರ್ ಸ್ಕ್ಯಾನ್ (ಮೆದುಳಿಗೆ ಹೋಗುವ ರಕ್ತನಾಳ ನೋಡುವುದು) ಕೂಡ ಉಂಟಂತೆ. ಬೆಳಿಗ್ಗೆ ಹೋದರೆ ಮಧ್ಯಾಹ್ನಕ್ಕೆ ರಿಪೋರ್ಟ್ ಕೈಗೆ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಇದೇ ಸ್ಕ್ಯಾನಿಗೆ ನಮ್ಮಣ್ಣನಿಗೆ ಸಿಕ್ಕ ತಾರೀಖು 20 ದಿನ ಆಚೆಗಿತ್ತು.

ಅಣ್ಣ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದ. ಕಳೆದ ಬೇಸಿಗೆಯಲ್ಲಿ ಒಂದು ದಿನ ಚಹಾ ಕುಡಿಯುವಾಗ ಬಲಗೈಯಿಂದ ಬಸಿ ಜಾರಿತು, ಮಾತು ತೊದಲಿತು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. "ಬಿಸಲ ಬಡದೈತಿ, ಮಜ್ಜಗಿ ಕುಡೀರಿ" ಅಂದರು ಅತ್ತಿಗೆ. ಮರುದಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಡಾಪ್ಲರ್ ಬರೆದುಕೊಟ್ಟರು, ಸ್ಕ್ಯಾನ್ ಕೋಣೆಯವರು ತಾರೀಖು ಬರೆದುಕೊಟ್ಟರು. ಹೊರಗೆ ದುಡ್ಡು ಕೊಟ್ಟು ಮಾಡಿಸಬಹುದಿತ್ತು, ನಿಜ. ಆದರೆ ಇದು ಅರ್ಜೆಂಟ್ ಅಂತ ಯಾರೂ ಹೇಳಲಿಲ್ಲ. ಅಣ್ಣನೂ ಆರಾಮಾಗೇ ಓಡಾಡುತ್ತಿದ್ದ. ಒಂಬತ್ತನೇ ದಿನ ಲಕ್ವಾ ಹೊಡೆಯಿತು.

ಆಮೇಲೆ ಮಾಡಿದ ಆ ಸ್ಕ್ಯಾನ್ ಅರ್ಧ ಗಂಟೆಯೂ ಹಿಡಿಯಲಿಲ್ಲ. ಕುತ್ತಿಗೆಗೆ ಜೆಲ್ ಹಚ್ಚಿ ಒಂದು ಪ್ರೋಬ್ ಆಡಿಸುತ್ತಾರೆ, ಅಷ್ಟೇ. ಸೂಜಿಯಿಲ್ಲ, ಎಕ್ಸ್‌ರೇಯಂಥ ವಿಕಿರಣವಿಲ್ಲ. ಪರದೆಯ ಮೇಲೆ ಕೆಂಪು, ನೀಲಿ ಬಣ್ಣ ಹರಿಯುತ್ತಿತ್ತು. ಕೆಂಪು ಒಳ್ಳೆ ರಕ್ತ, ನೀಲಿ ಕೆಟ್ಟ ರಕ್ತ ಅಂದುಕೊಂಡಿದ್ದೆ. ಹಾಗಲ್ಲವಂತೆ, ರಕ್ತ ಯಾವ ಕಡೆಗೆ ಹರಿಯುತ್ತಿದೆ ಅನ್ನುವುದಕ್ಕೆ ಅದು ಗುರುತು. ಮೆದುಳಿಗೆ ಹೋಗುವ ನಾಳ ದವಡೆಯ ಕೆಳಗೆ ಕವಲೊಡೆಯುವ ಜಾಗದಲ್ಲಿ ಜಿಡ್ಡು ಕಟ್ಟಿಕೊಳ್ಳುತ್ತದೆ. ಅದಕ್ಕೇ ಪ್ಲಾಕ್ ಅನ್ನುವುದು. ಅಣ್ಣನಿಗೆ ಎಡಗಡೆ ಕಟ್ಟಿತ್ತು. ಮೈಯ ಬಲಭಾಗವನ್ನು ನಡೆಸುವುದು ಎಡ ಮೆದುಳು, ಹಾಗಾಗಿ ಬಲಗೈ ಹೋಯಿತು, ಮಾತು ಹೋಯಿತು. ನಮ್ಮ ಎಡದಂಡೆ ಕಾಲುವೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಲುವೆ ಎಲ್ಲಿ ಕಿರಿದಾಗುತ್ತದೋ ಅಲ್ಲಿ ನೀರಿನ ಓಟ ಜಾಸ್ತಿ ಅಲ್ವಾ? ಯಂತ್ರ ಅಳೆಯುವುದೂ ಆ ಓಟವನ್ನೇ. ಸೆಕೆಂಡಿಗೆ 230 ಸೆಂಟಿಮೀಟರ್ ದಾಟಿದರೆ ನಾಳ ಶೇ 70ಕ್ಕಿಂತ ಹೆಚ್ಚು ಕಟ್ಟಿದೆ ಎಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಪರದೆಯಲ್ಲಿ ಕಪ್ಪಗೆ ಕಾಣುವ ಮೆತ್ತನೆ ಪ್ಲಾಕ್ ಒಡೆದು ಚೂರಾಗಿ ಮೆದುಳಿಗೆ ಹೋಗುವ ಭಯ ಹೆಚ್ಚು. ಗಟ್ಟಿಯಾಗಿ ಸುಣ್ಣ ಕಟ್ಟಿದ್ದರೆ ಅದರ ನೆರಳು ಬಿದ್ದು ಹಿಂದಿನದು ಕಾಣುವುದಿಲ್ಲ, ಆಗ ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ಕೈ ಬಿದ್ದು ತಾನಾಗೇ ಸರಿಹೋದರೂ ಲಕ್ವಾ ಹೊಡೆಯುವ ಅಪಾಯ ಹೆಚ್ಚಿರುವುದು ಮುಂದಿನ ಎರಡು ದಿನವೇ. ನಾಳ ತುಂಬಾ ಕಟ್ಟಿದ್ದರೆ ಆಪರೇಷನ್ನಿನಿಂದ ಹೆಚ್ಚು ಲಾಭವಾಗುವುದೂ ಎರಡು ವಾರದೊಳಗೆ ಮಾಡಿದರೆ. ಹೀಗಿರುವಾಗ 20 ದಿನದ ತಾರೀಖಿಗೆ ಏನರ್ಥ?

ಇನ್ನು ಆರಾಮಾಗಿರುವವರ ಮಾತು. ಯಾವ ತೊಂದರೆಯೂ ಇಲ್ಲದವರಿಗೆ ಈ ಸ್ಕ್ಯಾನ್ ಸುಮ್ನೆ ಮಾಡಬೇಡಿ ಎಂದು ಅಮೆರಿಕದ ರೋಗತಡೆ ತಜ್ಞರ ಸಮಿತಿ 2021ರಲ್ಲೂ ಹೇಳಿದೆ. ಲಾಭಕ್ಕಿಂತ ಹಾನಿಯೇ ಜಾಸ್ತಿ ಅಂತ. ನಮ್ಮ ಓಣಿಯ ಒಬ್ಬರು ಪ್ಯಾಕೇಜ್ ಮಾಡಿಸಿಕೊಂಡು ಬಂದರು. ನಾಳದ ಗೋಡೆ ತುಸು ದಪ್ಪ ಅಂತ ರಿಪೋರ್ಟಿನಲ್ಲಿತ್ತು. ಬಿಪಿ ನೋಡಿಸಿಕೊಳ್ಳಿ, ಬೀಡಿ ಬಿಡಿ ಅನ್ನಲು ಸ್ಕ್ಯಾನೇ ಬೇಕಿತ್ತೇ? ಅವರೀಗ ಬೀಡಿ ಬಿಟ್ಟಿಲ್ಲ, ನಿದ್ದೆ ಬಿಟ್ಟಿದ್ದಾರೆ.

ಸ್ಕ್ಯಾನ್ ಕೋಣೆಯ ಮುಂದೆ ಗರ್ಭಿಣಿಯರ ಸಾಲು ಉದ್ದ ಇರುತ್ತದೆ, ಅವರನ್ನು ಹಿಂದೆ ಸರಿಸಿ ಎನ್ನುವುದಿಲ್ಲ. ಹತ್ತು ನಿಮಿಷ ಕೈ ಬಿದ್ದು ಎದ್ದವರಿಗಾಗಿ ದಿನಕ್ಕೆ ಒಂದೇ ಒಂದು ಸರದಿ ಖಾಲಿ ಇಡಲಿ. ಡಾಕ್ಟರ ಚೀಟಿಯ ಮೇಲೆ 'ಇವತ್ತೇ' ಅಂತ ಕನ್ನಡದಲ್ಲಿ ಬರೆಯಲಿ. ಕೊಪ್ಪಳ ಜಿಲ್ಲೆಯ ಆರೋಗ್ಯ ಅಧಿಕಾರಿಗಳು ಇಷ್ಟನ್ನು ಒಂದು ಸುತ್ತೋಲೆಯಲ್ಲಿ ಮಾಡಬಹುದು.

— ನಿವೃತ್ತ ಶಿಕ್ಷಕ, ಗಂಗಾವತಿ